ನಾಯಿಗೆ ಉಲ್ಲನ್ ಅಂಗಿ ಹೆಣೆಯುವುದು: ಟೇಪು ಹಿಡಿಯುವಲ್ಲಿಂದ ಮಳೆಗಾಲಕ್ಕೆ ಎತ್ತಿಡುವವರೆಗೆ

ನಾಯಿಗೆ ಸ್ವೆಟರ್ ಹೆಣೆದು ಕೈಸೋತವರ ದೂರು ಹೆಚ್ಚುಕಡಿಮೆ ಇಷ್ಟೇ. ತಲೆ ತೂರುವುದಿಲ್ಲ. ತೂರಿದರೂ ಅಂಗಿ ಬೆನ್ನ ಮೇಲೆ ನಿಲ್ಲದೆ ಪಕ್ಕಕ್ಕೆ ಜಾರಿ ಹೊಟ್ಟೆಯಡಿ ಜೋತುಬೀಳುತ್ತದೆ. ಮುಂಗಾಲಿನ ಕಂಕುಳು ಉಜ್ಜಿ ಕೆಂಪಾಗುತ್ತದೆ. ಗಂಡು ನಾಯಿಯಾದರೆ ಮೊದಲ ದಿನವೇ ಹೊಟ್ಟೆಯ ಭಾಗ ಉಚ್ಚೆಯಲ್ಲಿ ನೆನೆದು ನಾರುತ್ತದೆ.

ಎಲ್ಲಕ್ಕೂ ಮೂಲ ಒಂದೇ: ಟೇಪು ಹಿಡಿಯುವ ಮೊದಲು ಕಡ್ಡಿ ಹಿಡಿದದ್ದು. ಮನೆಯಲ್ಲಿ ಅಜ್ಜಿಗೋ ಅತ್ತೆಗೋ ಮಕ್ಕಳ ಸ್ವೆಟರ್ ಹೆಣೆದು ರೂಢಿ ಇರುತ್ತದೆ. ಎರಡು ವರ್ಷದ ಮಗುವಿನ ಲೆಕ್ಕದಲ್ಲೇ ನಾಯಿಗೂ ಹಾಕಿಬಿಡುತ್ತಾರೆ. ಮಗುವಿನ ತೋಳು ಭುಜದ ಪಕ್ಕದಿಂದ ಹೊರಡುತ್ತದೆ, ನಾಯಿಯ ಮುಂಗಾಲು ಎದೆಯ ಅಡಿಯಿಂದ ನೇರ ಕೆಳಗಿಳಿಯುತ್ತದೆ. ಮಗುವಿನ ಎದೆ ಅಗಲ, ನಾಯಿಯದು ಆಳ. ಅಲ್ಲಿಯ ಲೆಕ್ಕ ಇಲ್ಲಿಗೆ ಹೊಂದುವುದೇ ಇಲ್ಲ. ಹೆಣಿಗೆಯ ಕೈ ಎಷ್ಟೇ ಚೆನ್ನಾಗಿದ್ದರೂ ಮುಂದಿನ ಹಂತಗಳನ್ನು ಹೇಳಿದ ಕ್ರಮದಲ್ಲೇ ಮಾಡಿ.

ಸೀದಾ, ಉಲ್ಟಾ, ಕುಣಿಕೆ ಹಾಕಿಕೊಳ್ಳುವುದು, ಮುಚ್ಚುವುದು ಇಷ್ಟು ಬಂದರೆ ಸಾಕು. ಬೆನ್ನಿಗೊಂದು, ಹೊಟ್ಟೆಗೊಂದು, ಹೀಗೆ ಎರಡು ಚಪ್ಪಟೆ ತುಂಡುಗಳನ್ನು ಹೆಣೆದು ಜೋಡಿಸುವ ಅಂಗಿ ಇದು.

## 1. ಈ ಅಂಗಿ ಯಾವ ನಾಯಿಗೆ, ಯಾವ ಕಾಲಕ್ಕೆ

ಮೊದಲು ಇದನ್ನು ತೀರ್ಮಾನಿಸಿ. ಗಿಡ್ಡ ಕೂದಲಿನ ನಾಡನಾಯಿ, ಮುಧೋಳ, ಡ್ಯಾಶ್‌ಹಂಡ್, ವಯಸ್ಸಾದ ನಾಯಿ, ಕಾಯಿಲೆಯಿಂದ ಎದ್ದು ಬಡಕಲಾದ ನಾಯಿ, ಸಣ್ಣ ಮರಿ, ಇವಕ್ಕೆ ಮಾಗಿಯ ಚಳಿ ನಿಜವಾಗಿ ತಟ್ಟುತ್ತದೆ. ಪೊಮೇರಿಯನ್, ಸ್ಪಿಟ್ಜ್, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳ ಮೈಮೇಲೆ ಎರಡು ಪದರ ಕೂದಲಿದೆ. ಆರೋಗ್ಯವಾಗಿರುವಾಗ ಅವಕ್ಕೆ ನಮ್ಮ ಚಳಿಗೆ ಅಂಗಿ ಬೇಕಾಗಿಲ್ಲ. ಹಾಕಿದರೆ ಕೂದಲು ಗಂಟುಗಟ್ಟಿ ಚರ್ಮಕ್ಕೆ ಗಾಳಿಯಾಡದೆ ಕಜ್ಜಿ ಬರುವುದುಂಟು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಉಲ್ಲನ್ ಅಂಗಿ ಚಳಿಗೆ, ಮಳೆಗಲ್ಲ. ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆ ಆಷಾಢದಲ್ಲಿ ನಾಯಿ ನಡುಗುವುದನ್ನು ಕಂಡು ಹೆಣೆಯಲು ಕೂರುವವರಿದ್ದಾರೆ. ಆ ಹೊತ್ತಿಗೆ ಅದಕ್ಕೆ ಬೇಕಾದದ್ದು ಒಣ ಜಾಗ ಮತ್ತು ಒಣ ಗೋಣಿಚೀಲ. ಮಳೆಗೆ ನೆನೆದ ಹೆಣಿಗೆ ನೀರು ಹೀರಿ ಭಾರವಾಗಿ ಮೈಗೆ ಅಂಟುತ್ತದೆ, ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಬರಿಮೈಯ ನಾಯಿ ಒಮ್ಮೆ ಮೈ ಕೊಡವಿ ಒಣಗಿಸಿಕೊಳ್ಳುತ್ತದೆ. ಒದ್ದೆ ಅಂಗಿಯ ನಾಯಿಗೆ ಅದೂ ಸಾಧ್ಯವಿಲ್ಲ.

ದೀಪಾವಳಿ ಮುಗಿಯುತ್ತಿದ್ದಂತೆ ಶುರುಮಾಡಿದರೆ ಧನುರ್ಮಾಸದ ಇಬ್ಬನಿ ಬೀಳುವ ಹೊತ್ತಿಗೆ ಅಂಗಿ ಸಿದ್ಧವಿರುತ್ತದೆ.

## 2. ಸಾಮಾನು

ನೂಲು: ಅಕ್ರಿಲಿಕ್ ಉಲ್ಲನ್ ತೆಗೆದುಕೊಳ್ಳಿ. ಬೇಗ ಒಣಗುತ್ತದೆ, ಪದೇ ಪದೇ ಒಗೆದರೂ ಕುಗ್ಗುವುದಿಲ್ಲ. ಶಿವಮೊಗ್ಗದ ಗಾಂಧಿ ಬಜಾರ್ ಕಡೆ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಕೇಳಿ. ತೀರಾ ಸಣ್ಣ ಎಳೆಯ ಬೇಬಿ ಉಲ್ಲನ್ ಬೇಡ, ದಪ್ಪ ಟೋಪಿ ಉಲ್ಲನ್ನೂ ಬೇಡ, ದೊಡ್ಡವರ ಸ್ವೆಟರಿಗೆ ಹಾಕುವ ಮಧ್ಯಮ ದಪ್ಪದ್ದು ಸರಿ. ಮಧ್ಯಮ ಗಾತ್ರದ ನಾಯಿಗೆ 200 ಗ್ರಾಂ ಸಾಕು. ಇಡೀ 200 ಗ್ರಾಮನ್ನೂ ಒಮ್ಮೆಗೇ ಕೊಳ್ಳಿ, ಉಂಡೆಗಳ ಪಟ್ಟಿಯ ಮೇಲಿನ ಲಾಟ್ ನಂಬರ್ ಒಂದೇ ಇದೆಯೇ ನೋಡಿ. ಆಮೇಲೆ ತಂದ ಉಂಡೆಯ ಬಣ್ಣ ಒಂದು ಛಾಯೆ ಬೇರೆಯಾಗಿರುವುದು ಸಾಮಾನ್ಯ.

ಅಕ್ರಿಲಿಕ್‌ಗೆ ಒಂದು ದೋಷವಿದೆ. ಬೆಂಕಿಗೆ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಮಲೆನಾಡಿನ ನಾಯಿ ಚಳಿಗಾಲದಲ್ಲಿ ಮಲಗುವುದೇ ಬಚ್ಚಲ ಒಲೆಯ ಬಾಯಲ್ಲಿ. ಅಲ್ಲಿಂದ ಅದನ್ನು ಬಿಡಿಸಲು ಆಗುವುದೇ ಇಲ್ಲವೆಂದಾದರೆ ಶುದ್ಧ ಉಣ್ಣೆಯ ನೂಲು ತನ್ನಿ. ಕಿಡಿ ಬಿದ್ದರೆ ಉಣ್ಣೆ ಕರಟುತ್ತದೆ, ಕರಗುವುದಿಲ್ಲ. ಆದರೆ ಅದನ್ನು ತಣ್ಣೀರಲ್ಲಿ ಕೈಯಲ್ಲೇ ಒಗೆಯಬೇಕು, ಮಷಿನ್ನಿಗೆ ಹಾಕಿದರೆ ಕುಗ್ಗಿ ಕಂಬಳಿಯಂತೆ ಗಟ್ಟಿಯಾಗುತ್ತದೆ. ಹತ್ತಿಯ ನೂಲು ಮಾತ್ರ ಬೇಡವೇ ಬೇಡ. ಇಬ್ಬನಿಗೇ ತೂಕ ಏರಿ ಜೋತುಬೀಳುತ್ತದೆ, ಒಣಗುವುದೂ ಇಲ್ಲ.

ಬಣ್ಣ: ಅಡಿಕೆ ಸುಲಿಯುವ ಮನೆಯಾದರೆ ತಿಳಿಬಣ್ಣ ಬೇಡ. ಚೊಗರಿನ ಕಲೆ ಹತ್ತಿದರೆ ಹೋಗುವುದಿಲ್ಲ. ತೀರಾ ಕಪ್ಪು, ಕಂದು ಕೂಡ ಬೇಡ. ಮಂಜಿನ ಬೆಳಗ್ಗೆ ರಸ್ತೆಯಲ್ಲಿ ವಾಹನದವರಿಗೆ ನಾಯಿ ಕಾಣುವುದಿಲ್ಲ. ಕೆಂಪು ಅಥವಾ ಅರಿಶಿನ ಒಳ್ಳೆಯದು.

ಕಡ್ಡಿ: 4.5 ಮಿಲಿಮೀಟರಿನ ಒಂದು ಜೊತೆ, ಅಂಗಡಿಯಲ್ಲಿ ಹಳೆಯ ಲೆಕ್ಕದಲ್ಲಿ 7ನೇ ನಂಬರ್ ಅನ್ನುತ್ತಾರೆ. ಬಾರ್ಡರಿಗೆ 4 ಮಿಲಿಮೀಟರಿನದು, ಅಂದರೆ 8ನೇ ನಂಬರ್. ಈ ಹಳೆಯ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣದಾಗುತ್ತದೆ. ಇಲ್ಲಿ ತಪ್ಪುವವರು ಬಹಳ ಜನ.

ಉಳಿದಂತೆ ಬಟ್ಟೆಯ ಟೇಪು, ಮೊಂಡು ತುದಿಯ ಉಲ್ಲನ್ ಸೂಜಿ, ಕತ್ತರಿ, ಗುರುತಿಗೆ ಬೇರೆ ಬಣ್ಣದ ದಾರದ ತುಂಡುಗಳು, ಪಿನ್ನು, ಒಂದು ನೋಟ್‌ಬುಕ್. ಗುಂಡಿ, ಮಣಿ, ಕುಚ್ಚು ಬೇಡ. ಕಚ್ಚಿ ನುಂಗಿದರೆ ಕೆಲಸ ಕೆಡುತ್ತದೆ.

## 3. ಅಳತೆ

ನಾಯಿ ನಾಲ್ಕು ಕಾಲಿನ ಮೇಲೆ ನೇರ ನಿಂತಿರಬೇಕು. ಕೂತಾಗ ಬೆನ್ನು ಉದ್ದವಾಗುತ್ತದೆ, ಮಲಗಿದಾಗ ಎದೆ ಚಪ್ಪಟೆಯಾಗುತ್ತದೆ, ಎರಡೂ ಸುಳ್ಳು ಅಳತೆ. ಒಬ್ಬರು ಮುಂದೆ ನಿಂತು ಅಕ್ಕಿರೊಟ್ಟಿಯ ಚೂರು ತೋರಿಸುತ್ತಿರಲಿ, ಇನ್ನೊಬ್ಬರು ಅಳೆಯಲಿ. ಪ್ರತಿ ಅಳತೆ ಎರಡು ಬಾರಿ. ಟೇಪು ಮೈಗೆ ತಾಗಿರಲಿ, ಬಿಗಿಯದಿರಲಿ.

ಬೇಕಾದ ಅಳತೆಗಳು ಎಂಟು. ಪಕ್ಕದಲ್ಲಿ ಕೊಟ್ಟ ಅಂಕಿ ನಮ್ಮೂರುಗಳಲ್ಲಿ ಕಾಣುವ ಮಧ್ಯಮ ಗಾತ್ರದ ಒಂದು ಗಂಡು ನಾಡನಾಯಿಗೆ ಹೊಂದುವಂಥದ್ದು. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಡೆಯುತ್ತದೆ.

- ಬೆಲ್ಟು ಕೂರುವ ಜಾಗದಲ್ಲಿ ಕೊರಳ ಸುತ್ತಳತೆ: 36 ಸೆಂಟಿಮೀಟರ್
- ಮುಂಗಾಲಿನ ಹಿಂದೆ ಎದೆಯ ಸುತ್ತಳತೆ: 60
- ಕೊರಳ ಬುಡದಿಂದ ಬಾಲದ ಬುಡದವರೆಗೆ ಬೆನ್ನು: 50
- ಕೊರಳ ಬುಡದಿಂದ ಮುಂಗಾಲು ಶುರುವಾಗುವವರೆಗೆ: 12
- ಎರಡು ಮುಂಗಾಲುಗಳ ನಡುವಿನ ಎದೆಯ ಅಗಲ: 14
- ಮುಂಗಾಲಿನ ಮೇಲ್ಭಾಗದ ಸುತ್ತಳತೆ: 20
- ಮುಂಗಾಲಿನ ಹಿಂಬದಿಯಿಂದ, ಹೊಟ್ಟೆಯಡಿ, ಉಚ್ಚೆಯ ಜಾಗದವರೆಗೆ: 15
- ಕಿವಿ ಸೇರಿಸಿ ತಲೆಯ ಅತಿ ದಪ್ಪ ಭಾಗದ ಸುತ್ತಳತೆ: 42

ಇವುಗಳಲ್ಲಿ ಎದೆಯ ಸುತ್ತಳತೆಯೇ ಮುಖ್ಯ. ಬೆನ್ನು ಎರಡು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ನೋಡಲಿಕ್ಕೆ ಮಾತ್ರ ಊನ. ಎದೆ ತಪ್ಪಿದರೆ ಅಂಗಿ ಉಪಯೋಗಕ್ಕೇ ಬಾರದು. ಮುಂಗಾಲುಗಳ ನಡುವಿನ ಅಗಲವನ್ನು ಹೆಚ್ಚಿನವರು ಅಳೆಯುವುದೇ ಇಲ್ಲ. ಕಂಕುಳು ಉಜ್ಜುವ ದೂರು ಹುಟ್ಟುವುದು ಅಲ್ಲಿಂದಲೇ: ಹೊಟ್ಟೆಯ ತುಂಡು ಅಗಲವಾಗಿ ಎರಡು ಕಾಲಿನ ನಡುವೆ ಮಡಿಕೆಬಿದ್ದು, ನಡೆದಾಗಲೆಲ್ಲ ಗೀರುತ್ತದೆ.

## 4. ತುಣುಕು ಹೆಣೆದು ಲೆಕ್ಕ ಹಾಕುವುದು

ದಪ್ಪ ಕಡ್ಡಿಯಲ್ಲಿ 30 ಕುಣಿಕೆ ಹಾಕಿ, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹೆಣೆಯುತ್ತ 12 ಸೆಂಟಿಮೀಟರ್ ಬೆಳೆಸಿ ಮುಚ್ಚಿ. ಒಗೆದು, ಚಪ್ಪಟೆಯಾಗಿ ಒಣಗಿಸಿ. ಅಂಚು ಬಿಟ್ಟು ನಡುವೆ 10 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆ, ಎಷ್ಟು ಸಾಲು ಎಂದು ಎಣಿಸಿ.

ಇಲ್ಲಿ ಕೊಡುವ ಲೆಕ್ಕ 20 ಕುಣಿಕೆ, 26 ಸಾಲಿಗೆ. ಅಂದರೆ ಸೆಂಟಿಮೀಟರಿಗೆ 2 ಕುಣಿಕೆ, 2.6 ಸಾಲು. ನಿಮ್ಮದು 22 ಬಂದರೆ ನೀವು ಬಿಗಿಯಾಗಿ ಹೆಣೆಯುತ್ತೀರಿ, ಒಂದು ಅಳತೆ ದಪ್ಪ ಕಡ್ಡಿ ತೆಗೆದುಕೊಳ್ಳಿ. 18 ಬಂದರೆ ಸಣ್ಣ ಕಡ್ಡಿ. ಕೈಯ ಬಿಗಿಯನ್ನು ಬೇಕೆಂದೇ ಬದಲಿಸಲು ಹೋಗಬೇಡಿ. ಹತ್ತು ಸಾಲಿನ ಮೇಲೆ ಕೈ ತನ್ನ ರೂಢಿಗೇ ಮರಳುತ್ತದೆ.

ಈ ಹಂತ ಬೇಸರದ್ದು ನಿಜ. ಆದರೆ ಬೆನ್ನಿನ 84 ಕುಣಿಕೆಯ ಅಗಲದಲ್ಲಿ ಹತ್ತು ಸೆಂಟಿಮೀಟರಿಗೆ ಎರಡು ಕುಣಿಕೆಯ ವ್ಯತ್ಯಾಸವಾದರೆ ಅಂಗಿ ಒಂದು ಗೇಣು ತಪ್ಪುವುದಿಲ್ಲವಾದರೂ ಎರಡು ಬೆರಳಿನಷ್ಟು ತಪ್ಪಿಯೇ ತಪ್ಪುತ್ತದೆ. ಎದೆಗೆ ಅಷ್ಟು ಸಾಕು ಹಾಳಾಗಲು.

ಲೆಕ್ಕದ ಸೂತ್ರ ಹೀಗಿದೆ. ಕೊರಳಿಗೆ 2 ಸೆಂಟಿಮೀಟರ್ ಸಡಿಲ ಸೇರಿಸಿ: 38. ಎದೆಗೆ 4 ಸೇರಿಸಿ: 64. ಎದೆಯ 64ರಲ್ಲಿ ಸುಮಾರು ಮೂರರಲ್ಲೊಂದು ಪಾಲು, 22, ಹೊಟ್ಟೆಯ ತುಂಡಿಗೆ. ಉಳಿದ 42 ಬೆನ್ನಿಗೆ. ಕೊರಳಿನ 38ರಲ್ಲಿ ಮುಂಗಾಲುಗಳ ನಡುವಿನ ಅಗಲವಾದ 14 ಹೊಟ್ಟೆಯ ತುಂಡಿಗೆ, 24 ಬೆನ್ನಿಗೆ. ಪ್ರತಿಯೊಂದನ್ನೂ ಕುಣಿಕೆಗೆ ತಿರುಗಿಸಿ, ಜೋಡಣೆಯ ಹೊಲಿಗೆಗೆಂದು ಎರಡು ಕುಣಿಕೆ ಕೂಡಿಸಿ. ಬೆನ್ನು ಕೊರಳಲ್ಲಿ 50, ಎದೆಯಲ್ಲಿ 86. ಹೊಟ್ಟೆ ಕೊರಳಲ್ಲಿ 30, ಎದೆಯಲ್ಲಿ 46.

ಬೇರೆ ಅಳತೆಯ ನಾಯಿಗೆ ಲೆಕ್ಕ ಹಾಕುವಾಗ ಬಾರ್ಡರ್ (ಎರಡು ಸೀದಾ, ಎರಡು ಉಲ್ಟಾ ಹೆಣೆಯುವ ಪಟ್ಟಿ) ಬರುವ ಕಡೆ ಕುಣಿಕೆಯ ಸಂಖ್ಯೆ ನಾಲ್ಕರಿಂದ ಭಾಗಿಸಿದಾಗ ಎರಡು ಉಳಿಯುವಂತಿರಲಿ. ಆಗ ಎರಡೂ ಅಂಚಿನಲ್ಲಿ ಎರಡು ಸೀದಾ ಬಂದು ಹೊಲಿಗೆ ಮರೆಯಾಗುತ್ತದೆ.

## 5. ಬೆನ್ನಿನ ತುಂಡು

ಕೊರಳಿನಿಂದ ಶುರುಮಾಡಿ ಬಾಲದ ಕಡೆಗೆ ಹೋಗುತ್ತೇವೆ. ಈ ದಿಕ್ಕಿನಲ್ಲಿ ಹೋದರೆ ಉದ್ದ ಸಾಲದಿದ್ದಾಗ ಕೊನೆ ಬಿಚ್ಚಿ ಮುಂದುವರಿಸಬಹುದು.

ಮೊದಲು ಕೊರಳ ಬಾರ್ಡರ್. 50 ಕುಣಿಕೆಯನ್ನು ದಪ್ಪ ಕಡ್ಡಿಯಲ್ಲೇ ಹಾಕಿಕೊಳ್ಳಿ, ಆಮೇಲೆ 8ನೇ ನಂಬರಿಗೆ ಬದಲಿಸಿ. ಕುಣಿಕೆ ಹಾಕಿಕೊಂಡ ಅಂಚು ಬಿಗಿಯಾಗಿದ್ದರೆ ಬಾರ್ಡರ್ ಎಷ್ಟೇ ಹಿಗ್ಗಿದರೂ ತಲೆ ತೂರುವುದಿಲ್ಲ. ಎರಡು ಸೀದಾ, ಎರಡು ಉಲ್ಟಾ ಎಂದು 16 ಸಾಲು ಹೆಣೆಯಿರಿ. ಸುಮಾರು 6 ಸೆಂಟಿಮೀಟರ್ ಆಗುತ್ತದೆ.

ಹೆಗಲು ಇನ್ನು ಮುಂದೆ. ದಪ್ಪ ಕಡ್ಡಿಗೆ ಬನ್ನಿ. ಮೊದಲ ಸಾಲು ಸೀದಾ ಹೆಣೆಯುತ್ತ ಎಂಟು ಕುಣಿಕೆಗೊಂದರಂತೆ ಆರು ಹೆಚ್ಚಿಸಿ, 56 ಆಗುತ್ತದೆ. ಎರಡನೇ ಸಾಲು ಪೂರ್ತಿ ಉಲ್ಟಾ. ಮೂರನೆಯದರಿಂದ ಪ್ರತಿ ಸೀದಾ ಸಾಲಿನಲ್ಲಿ ಎರಡೂ ಬದಿಗೆ ಒಂದೊಂದು ಹೆಚ್ಚಿಸಿ. ಹೀಗೆ 15 ಬಾರಿ. ಅಂಚಿನ ಕುಣಿಕೆಯಲ್ಲಿ ಹೆಚ್ಚಿಸಬೇಡಿ, ಅದನ್ನು ಬಿಟ್ಟು ಎರಡನೆಯದರಲ್ಲಿ ಹೆಚ್ಚಿಸಿ: ಅದೇ ಕುಣಿಕೆಯ ಮುಂದೆ ಒಮ್ಮೆ, ಹಿಂದೆ ಒಮ್ಮೆ ಹೆಣೆದರೆ ಒಂದು ಎರಡಾಗುತ್ತದೆ. 32 ಸಾಲು ಮುಗಿದಾಗ ಕಡ್ಡಿಯಲ್ಲಿ 86 ಇರಬೇಕು. ಇಲ್ಲವಾದರೆ ಈಗಲೇ ಹುಡುಕಿ, ಮುಂದೆ ಹೋಗಬೇಡಿ.

ಎರಡೂ ಅಂಚಿಗೆ ಬಣ್ಣದ ದಾರದ ಗುರುತು ಕಟ್ಟಿ. ಕಾಲಿನ ಕಂಡಿ ಇಲ್ಲಿಂದ ಶುರು. ಹೆಚ್ಚಿಸದೆ 26 ಸಾಲು ಹೆಣೆದು ಮತ್ತೆ ಗುರುತು ಕಟ್ಟಿ, ಕಂಡಿ ಇಲ್ಲಿಗೆ ಮುಗಿಯಿತು. ಇನ್ನೂ 26 ಸಾಲು ಹೆಣೆದು ಮೂರನೇ ಗುರುತು. ಹೊಟ್ಟೆಯ ತುಂಡು ಇಲ್ಲಿಯವರೆಗೆ ಬಂದು ಕೂಡುತ್ತದೆ. ಗುರುತು ಕಟ್ಟದೆ ಕಣ್ಣಂದಾಜಿನಲ್ಲಿ ಜೋಡಿಸಿದರೆ ಒಂದು ಕಾಲಿನ ಕಂಡಿ ಮುಂದೆ, ಇನ್ನೊಂದು ಹಿಂದೆ ಹೋಗುತ್ತದೆ. ಅಂಗಿ ಒಂದೇ ಪಕ್ಕಕ್ಕೆ ತಿರುಚಿಕೊಳ್ಳುವುದು ಹೆಚ್ಚಾಗಿ ಇದರಿಂದ.

ಕೊನೆಗೆ ಸೊಂಟ. ಇಲ್ಲಿಂದ ಎರಡೂ ಅಂಚಿನ ನಾಲ್ಕು ನಾಲ್ಕು ಕುಣಿಕೆಯನ್ನು ಎಲ್ಲ ಸಾಲಿನಲ್ಲೂ ಸೀದಾ ಹೆಣೆಯಿರಿ, ಇಲ್ಲದಿದ್ದರೆ ಅಂಚು ಒಳಕ್ಕೆ ಸುರುಳಿಯಾಗುತ್ತದೆ. ಆ ನಾಲ್ಕು ದಾಟಿದ ಮೇಲೆ ಎರಡು ಕುಣಿಕೆ ಸೇರಿಸಿ ಒಂದು ಮಾಡುತ್ತ, ಸಾಲು ಬಿಟ್ಟು ಸಾಲು, ಎರಡೂ ಬದಿಗೆ 12 ಬಾರಿ ಇಳಿಸಿ. 24 ಸಾಲಿಗೆ 62 ಉಳಿಯುತ್ತದೆ. ಸಣ್ಣ ಕಡ್ಡಿಯಲ್ಲಿ 12 ಸಾಲು ಬಾರ್ಡರ್ ಹಾಕಿ ಸಡಿಲವಾಗಿ ಮುಚ್ಚಿ.

ಕೊರಳ ಬಾರ್ಡರ್ ಬಿಟ್ಟು ಒಟ್ಟು 120 ಸಾಲು, 46 ಸೆಂಟಿಮೀಟರ್. ಬೆನ್ನು 50 ಇದ್ದರೂ ಬಾಲದ ಮುಂದೆ 4 ಬಿಟ್ಟದ್ದು ಬೇಕೆಂದೇ. ಬಾಲದ ಬುಡ ಮುಚ್ಚಿದರೆ ನಾಯಿ ಬಾಲ ಎತ್ತಲು ಹಿಂಜರಿಯುತ್ತದೆ, ಕಕ್ಕಸಿಗೆ ಕೂತಾಗ ಕೊಳೆಯಾಗುತ್ತದೆ.

## 6. ಹೊಟ್ಟೆಯ ತುಂಡು

30 ಕುಣಿಕೆ, 16 ಸಾಲು ಬಾರ್ಡರ್, ಬೆನ್ನಿಗೆ ಮಾಡಿದಂತೆಯೇ. ದಪ್ಪ ಕಡ್ಡಿಗೆ ಬದಲಿಸಿ ಹೆಚ್ಚಿಸದೆ 32 ಸಾಲು, ಗುರುತು. ಮತ್ತೆ ಹೆಚ್ಚಿಸದೆ 26 ಸಾಲು, ಗುರುತು. ಮುಂಗಾಲುಗಳ ನಡುವೆ ಹಾದುಹೋಗುವ ಕಿರಿದಾದ ಪಟ್ಟಿ ಇದೇ. ಅಗಲ ಮಾಡುವ ಆಸೆ ಬೇಡ.

ಕಾಲು ದಾಟಿದ ಕೂಡಲೇ ಅಗಲ ಬೇಕು, ಎದೆಯ ಸುತ್ತಳತೆ ಅತಿ ಹೆಚ್ಚು ಇರುವುದು ಅಲ್ಲೇ. ಮುಂದಿನ ಎರಡು ಸಾಲುಗಳ ಶುರುವಿನಲ್ಲಿ ಎಂಟೆಂಟು ಹೊಸ ಕುಣಿಕೆ ಹಾಕಿಕೊಳ್ಳಿ, 46 ಆಗುತ್ತದೆ. ಆ ಎರಡು ಸಾಲೂ ಸೇರಿ 14 ಸಾಲು ಹೆಣೆದು, ಸಣ್ಣ ಕಡ್ಡಿಯಲ್ಲಿ 12 ಸಾಲು ಬಾರ್ಡರ್ ಹಾಕಿ ಮುಚ್ಚಿ. ಹೊಸದಾಗಿ ಹಾಕಿದ ಎಂಟು ಕುಣಿಕೆಯ ಮೆಟ್ಟಿಲು, ಸುಮಾರು 4 ಸೆಂಟಿಮೀಟರ್, ಕಂಡಿಯ ಹಿಂಬದಿಯ ಅಂಚಾಗುತ್ತದೆ. ಕಂಡಿಯ ಎರಡು ಬದಿ ಹತ್ತು ಹತ್ತು, ಮೆಟ್ಟಿಲು ನಾಲ್ಕು, ಒಟ್ಟು 24. ಕಾಲಿನ ಸುತ್ತಳತೆ 20ಕ್ಕೆ ನಾಲ್ಕು ಸಡಿಲ ಸಿಕ್ಕಿತು.

ಗಂಡು ನಾಯಿಗೆ ಉಚ್ಚೆಯ ಜಾಗಕ್ಕೆ 5 ಸೆಂಟಿಮೀಟರ್ ಮೊದಲೇ ನಿಲ್ಲಿಸಬೇಕು. ನಮ್ಮ ಉದಾಹರಣೆಯಲ್ಲಿ 15ಕ್ಕೆ ಬದಲು 10, ಅಂದರೆ 26 ಸಾಲು. ಕಾಲೆತ್ತಿದಾಗ ಚಿಮ್ಮುವ ದಿಕ್ಕು ಮುಂದಕ್ಕೆ ಎಂಬುದು ನೆನಪಿರಲಿ. ಹೆಣ್ಣು ನಾಯಿಗೆ ಇನ್ನೂ ಹಿಂದೆ ಹೋಗಬಹುದು, ಹಿಂಗಾಲಿಗೆ 5 ಸೆಂಟಿಮೀಟರ್ ಇರುವಾಗ ನಿಲ್ಲಿಸಿ. ಹಾಗೆ ಹೆಚ್ಚಿಸಿದಷ್ಟೇ ಸಾಲು ಬೆನ್ನಿನ ಮೂರನೇ ಗುರುತನ್ನೂ ಹಿಂದಕ್ಕೆ ಸರಿಸಿ, ಸೊಂಟದ ಇಳಿಕೆಯನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಿ.

ಮುಧೋಳದಂಥ ಆಳವಾದ ಎದೆ, ಒಳಸೇದಿದ ಹೊಟ್ಟೆಯ ನಾಯಿಗೆ ಹೊಟ್ಟೆಯ ತುಂಡು ಹೀಗೇ ಬಿಟ್ಟರೆ ಹಿಂದುಗಡೆ ಜೋಲುತ್ತದೆ. ಕಾಲು ದಾಟಿದ ಮೇಲೆ ನಾಲ್ಕು ಸಾಲಿಗೊಮ್ಮೆ ಎರಡೂ ಬದಿಗೆ ಒಂದೊಂದು ಇಳಿಸುತ್ತ ಬನ್ನಿ.

## 7. ಹೊಲಿಯುವ ಮೊದಲು ಒಮ್ಮೆ ಮೈಮೇಲೆ

ಎರಡು ತುಂಡನ್ನೂ ಒಗೆದು, ಚಾಪೆಯ ಮೇಲೆ ಅಳತೆಗೆ ಎಳೆದು ಹರಡಿ, ನೆರಳಲ್ಲಿ ಒಣಗಿಸಿ. ದಪ್ಪ ದಾರದಲ್ಲಿ ನಾಲ್ಕೈದು ಕಡೆ ಸಡಿಲ ಟಾಕು ಹಾಕಿ ತೊಡಿಸಿ ನೋಡಿ. ನಾಯಿಯ ಮೈಮೇಲೆ ಪಿನ್ನು ಚುಚ್ಚಲು ಹೋಗಬೇಡಿ, ಪಿನ್ನೇನಿದ್ದರೂ ಚಾಪೆಯ ಮೇಲೆ.

ಕೊರಳಲ್ಲಿ ಎರಡು ಬೆರಳು ಸಲೀಸಾಗಿ ಹೋಗಬೇಕು. ಎದೆಯ ಪಕ್ಕದಲ್ಲಿ ಅಂಗೈ ಚಪ್ಪಟೆಯಾಗಿ ಜಾರಬೇಕು, ಮುಷ್ಟಿ ಹೋದರೆ ಸಡಿಲ ಹೆಚ್ಚಾಯಿತು. ನಾಯಿಯನ್ನು ನಾಲ್ಕು ಹೆಜ್ಜೆ ನಡೆಸಿ, ಕೂರಿಸಿ, ಎಬ್ಬಿಸಿ. ಹೆಜ್ಜೆ ಗಿಡ್ಡವಾದರೆ ಕಾಲಿನ ಕಂಡಿ ಸಣ್ಣದು. ಕೊರಳ ಬಾರ್ಡರ್ ತಲೆಗೆ ತೀರಾ ಒದ್ದಾಡಿಸಿದರೆ ಒಂದು ಬದಿಯ ಹೊಲಿಗೆಯನ್ನು ಕೊರಳಲ್ಲಿ ಬಿಟ್ಟು, ಎರಡು ಕಡೆ ಬಟ್ಟೆಯ ಲಾಡಿ ಹೊಲಿದು ಕಟ್ಟುವಂತೆ ಮಾಡಿ. ಕಾಲು ಮಡಚಲಾಗದ ಮುದಿ ನಾಯಿಗೆ ಒಂದು ಪಕ್ಕವನ್ನು ಪೂರ್ತಿಯೇ ಲಾಡಿಯದ್ದಾಗಿ ಮಾಡುವುದು ಲೇಸು. ಅದರ ಕಾಲನ್ನು ಕಂಡಿಯೊಳಗೆ ತೂರಿಸುವ ಹಿಂಸೆ ತಪ್ಪುತ್ತದೆ.

## 8. ಜೋಡಣೆ ಮತ್ತು ಕಾಲಿನ ಪಟ್ಟಿ

ಇಲ್ಲಿ ಕ್ರಮ ತಪ್ಪಿದರೆ ಕಾಲಿನ ಪಟ್ಟಿ ಹೆಣೆಯಲು ಜಾಗವೇ ಸಿಗದು. ಒಂದು ಬದಿಯಲ್ಲಿ ಕೊರಳಿನಿಂದ ಮೊದಲ ಗುರುತಿನವರೆಗೆ ಮಾತ್ರ ಹೊಲಿಯಿರಿ. ಅಂಗಿಯ ಹೊರಮುಖ ನಿಮ್ಮ ಕಡೆಗಿರಲಿ. ಅಂಚಿನ ಕುಣಿಕೆಯ ಪಕ್ಕದ ಅಡ್ಡ ಎಳೆಯನ್ನು ಆಚೆಯದೊಂದು ಈಚೆಯದೊಂದು ಎತ್ತುತ್ತ ಹೋದರೆ ಎರಡು ಅಂಚು ಚಪ್ಪಟೆಯಾಗಿ ಕೂಡುತ್ತವೆ. ಒಳಮುಖದಿಂದ ಸುತ್ತು ಹೊಲಿಗೆ ಹಾಕಿದರೆ ದಪ್ಪ ಏಣು ನಿಲ್ಲುತ್ತದೆ, ಅದೇ ಕಂಕುಳನ್ನು ಕೊರೆಯುವುದು.

ಈಗ ಸಣ್ಣ ಕಡ್ಡಿಯಲ್ಲಿ ಕಂಡಿಯ ಸುತ್ತ ಕುಣಿಕೆ ಎತ್ತಿಕೊಳ್ಳಿ: ಬೆನ್ನಿನ ಅಂಚಿನಿಂದ 19, ಹೊಟ್ಟೆಯ ಅಂಚಿನಿಂದ 19, ಮೆಟ್ಟಿಲಿನಿಂದ 8, ಒಟ್ಟು 46. ಆರು ಸಾಲು ಬಾರ್ಡರ್ ಹೆಣೆದು ಬಹಳ ಸಡಿಲವಾಗಿ ಮುಚ್ಚಿ. ಆಮೇಲೆ ಪಟ್ಟಿಯ ಎರಡು ತುದಿ ಸೇರಿಸಿ, ಅಲ್ಲಿಂದ ಮೂರನೇ ಗುರುತಿನವರೆಗೆ ಪಕ್ಕ ಹೊಲಿಯಿರಿ. ಇನ್ನೊಂದು ಬದಿಯೂ ಹೀಗೆಯೇ. ಮುಂಗೈಯಷ್ಟು ಉದ್ದದ ತೋಳು ಹೆಣೆಯುವ ಯೋಚನೆ ಬಿಡಿ. ಇಬ್ಬನಿಯ ಹುಲ್ಲಲ್ಲಿ ಅದು ಮೊದಲು ನೆನೆಯುತ್ತದೆ.

ದಾರದ ತುದಿಗಳನ್ನು ಹತ್ತು ಸೆಂಟಿಮೀಟರಿನಷ್ಟು ಹೆಣಿಗೆಯೊಳಗೆ ಹಿಂದಕ್ಕೂ ಮುಂದಕ್ಕೂ ಸೇರಿಸಿ ಕತ್ತರಿಸಿ. ಗಂಟು ಹಾಕಿ ಬಿಡಬೇಡಿ. ಗಂಟು ಚರ್ಮಕ್ಕೆ ಒತ್ತುತ್ತದೆ, ಜೋತ ತುದಿಯನ್ನು ನಾಯಿ ಎಳೆಯುತ್ತದೆ.

ಎಳೆದು ನುಂಗಿದ ಉದ್ದ ದಾರ ಕರುಳಲ್ಲಿ ಸಿಕ್ಕಿ ಜೀವಕ್ಕೆ ಅಪಾಯ ತರುತ್ತದೆ. ದಾರದ ತುದಿ ಬಾಯಲ್ಲೋ ಗುದದಲ್ಲೋ ಕಂಡರೆ ಎಳೆಯಬೇಡಿ. ಎಳೆದರೆ ಒಳಗೆ ಕರುಳು ಕೊಯ್ದುಹೋಗಬಹುದು. ವಾಂತಿ, ಊಟ ಬಿಡುವುದು, ಹೊಟ್ಟೆ ಬಿಗಿಹಿಡಿಯುವುದು ಕಂಡರೆ ಆ ದಿನವೇ ಪಶುವೈದ್ಯರ ಹತ್ತಿರ ಹೋಗಿ. ಶಿವಮೊಗ್ಗಕ್ಕೆ ಹತ್ತಿರದವರಿಗೆ ಅಲ್ಲಿಯ ಪಶುವೈದ್ಯಕೀಯ ಕಾಲೇಜು ಇದೆ.

## 9. ತೊಡಿಸುವುದು, ಗಮನಿಸುವುದು

ಮೊದಲ ದಿನ ಅಂಗಿಯನ್ನು ಅದರ ಹಾಸಿಗೆಯ ಮೇಲೆ ಸುಮ್ಮನೆ ಇಡಿ, ಮೂಸಲಿ. ಮರುದಿನ ಐದು ನಿಮಿಷ ತೊಡಿಸಿ, ತಿಂಡಿ ಕೊಟ್ಟು ಬಿಚ್ಚಿ. ದಿನದಿನಕ್ಕೆ ಹೊತ್ತು ಹೆಚ್ಚಿಸಿ. ತಲೆ ಮೊದಲು, ಆಮೇಲೆ ಒಂದೊಂದೇ ಮುಂಗಾಲನ್ನು ಮೊಣಕೈ ಮಡಚಿ ಒಳಗಿನಿಂದ ಹೊರಕ್ಕೆ. ಹಿಡಿದೆಳೆದು ತೊಡಿಸಿದರೆ ಆಮೇಲೆ ಅಂಗಿ ಕಂಡರೇ ಮಂಚದಡಿ ಸೇರುತ್ತದೆ.

ಬೆಲ್ಟು ಕೊರಳ ಬಾರ್ಡರಿನ ಮೇಲೆ, ಹೊರಗಿರಲಿ. ಸರಪಳಿಯಲ್ಲಿ ಕಟ್ಟಿದ ನಾಯಿಗೆ ಅಂಗಿ ಹಾಕಿ ಬಿಟ್ಟುಹೋಗಬೇಡಿ, ಕೊಂಡಿ ಹೆಣಿಗೆಗೆ ಸಿಕ್ಕಿಕೊಳ್ಳುತ್ತದೆ. ತೋಟಕ್ಕೆ, ಬೇಲಿಯ ಕಡೆಗೆ ಓಡಾಡುವ ಹೊತ್ತಲ್ಲೂ ಬೇಡ: ಲಂಟಾನದ ಪೊದೆಯಲ್ಲಿ ಅಂಗಿ ಸಿಕ್ಕಿಕೊಂಡರೆ ನಾಯಿ ಅಲ್ಲೇ ಬಂದಿ. ಉತ್ತರಾಣಿ ಮುಳ್ಳಂತೂ ಹೆಣಿಗೆಯನ್ನು ದಾಟಿ ಚರ್ಮದವರೆಗೆ ಇಳಿಯುತ್ತದೆ. ಈ ಅಂಗಿಯ ಹೊತ್ತು ರಾತ್ರಿಯ ಜಗಲಿ ಮತ್ತು ಬೆಳಗಿನ ಜಾವ. ಬಿಸಿಲೇರಿದ ಮೇಲೆ ಬಿಚ್ಚಿಬಿಡಿ.

ನಾಲಿಗೆ ಚಾಚಿ ಏದುತ್ತಿದ್ದರೆ ಸೆಕೆಯಾಗಿದೆ, ತಡಮಾಡದೆ ತೆಗೆಯಿರಿ. ಕಂಕುಳನ್ನು ಪದೇ ಪದೇ ನೆಕ್ಕಿದರೆ ಅಲ್ಲಿ ಉಜ್ಜುತ್ತಿದೆ: ಅಂಗಿ ಬಿಚ್ಚಿ ಚರ್ಮ ನೋಡಿ, ಕೆಂಪಿದ್ದರೆ ವಾಸಿಯಾಗುವವರೆಗೆ ತೊಡಿಸಬೇಡಿ, ಕಾಲಿನ ಪಟ್ಟಿ ಬಿಚ್ಚಿ ಕಂಡಿಯನ್ನು ನಾಲ್ಕು ಸಾಲು ಹಿಗ್ಗಿಸಿ. ನಿಂತಲ್ಲೇ ಕಲ್ಲಿನಂತೆ ನಿಂತುಬಿಡುವುದು ಮೊದಲೆರಡು ದಿನ ಸಹಜ, ಆಮೇಲೂ ಹಾಗೇ ಇದ್ದರೆ ಅಂಗಿ ಎಲ್ಲೋ ಬಿಗಿಯಾಗಿದೆ.

## 10. ಉಣುಗು, ಒಲೆ, ಒಗೆತ

ದಿನಕ್ಕೊಮ್ಮೆ ಅಂಗಿ ಬಿಚ್ಚಿ ಮೈಯನ್ನೆಲ್ಲ ಕೈಯಾಡಿಸಿ ನೋಡಲೇಬೇಕು. ಚಳಿ ಇಳಿಯುವ ಹೊತ್ತು ಉಣುಗು ಏಳುವ ಹೊತ್ತೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ. ಡಿಸೆಂಬರಿನಿಂದ ಬೇಸಿಗೆಯವರೆಗೆ ಅದರ ಕಾಲ. ಕಾಡಂಚಿಗೆ ಹೋಗಿಬಂದ ನಾಯಿಯ ಮೈಯಲ್ಲಿ, ಅಂಗಿಯ ನೂಲಿನಲ್ಲಿ ಉಣುಗು ಮನೆಯೊಳಕ್ಕೆ ಬರುತ್ತದೆ. ಕಿವಿಯ ಹಿಂದೆ, ಕಂಕುಳು, ಬೆರಳ ಸಂದು ನೋಡಿ. ಕೈಗೆ ಗ್ಲೌಸ್ ಹಾಕಿ, ಚಿಮಟದಲ್ಲಿ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆಯಿರಿ, ಉಗುರಲ್ಲಿ ಹೊಸಕಬೇಡಿ. ಅಂಗಿಯನ್ನು ಹಾಸಿಗೆ ಬಟ್ಟೆಯ ಜೊತೆ ಇಡಬೇಡಿ.

ಒಲೆಯ ಮಾತು ಇನ್ನೊಮ್ಮೆ. ಬಚ್ಚಲ ಹಂಡೆಗೆ ಬೆಂಕಿ ಹಾಕುವಾಗ ನಾಯಿಯ ಮೈಮೇಲೆ ಅಕ್ರಿಲಿಕ್ ಅಂಗಿ ಇರಲೇಬಾರದು. ಬೆಚ್ಚಗಿರುವ ಜಾಗ ಅದಕ್ಕೆ ಸಿಕ್ಕಿದೆ ಎಂದಾದರೆ ಅಂಗಿಯ ಅಗತ್ಯವೂ ಆ ಹೊತ್ತಿಗೆ ಇಲ್ಲ.

ಒಗೆಯಲು ಉಗುರುಬೆಚ್ಚಗಿನ ನೀರು, ಸ್ವಲ್ಪ ಶಾಂಪೂ ಸಾಕು. ಸೋಪಿನ ಅಂಶ ಉಳಿಯದಂತೆ ಜಾಲಿಸಿ, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ತಂತಿಯ ಮೇಲೆ ನೇತುಹಾಕಿದರೆ ಒದ್ದೆಯ ಭಾರಕ್ಕೆ ಉದ್ದವಾಗುತ್ತದೆ. ಅಡಿಕೆ ಚಪ್ಪರದ ಒಂದು ಮೂಲೆಯಲ್ಲಿ ಚಾಪೆ ಹಾಸಿ ಚಪ್ಪಟೆಯಾಗಿ ಹರಡಿ.

ಶಿವರಾತ್ರಿ ಕಳೆದ ಮೇಲೆ ಎತ್ತಿಡುವ ಕೆಲಸ. ಮಲೆನಾಡಿನ ಮಳೆಗಾಲದಲ್ಲಿ ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಒಗೆದು ಎರಡು ಬಿಸಿಲು ಪೂರ್ತಿ ಕಾಯಿಸಿ, ಬಿಸಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಣಗಿದ ಬೇವಿನ ಎಲೆಯ ಜೊತೆ ಇಡಿ. ನುಸಿಗುಳಿಗೆ ಹಾಕಬೇಡಿ, ಅದು ನಾಯಿಗೆ ವಿಷ.

ಮರಿಗೆ ಹೆಣೆದ ಅಂಗಿ ಮುಂದಿನ ಮಾಗಿಗೆ ಆಗುವುದಿಲ್ಲ. ಹೊಲಿಗೆ ಬಿಡಿಸಿ, ಮುಚ್ಚಿದ ತುದಿಯಿಂದ ಬಿಚ್ಚುತ್ತ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ತೂಗುಹಾಕಿ. ಸುರುಳಿ ಬಿಟ್ಟ ಮೇಲೆ ಉಂಡೆ ಸುತ್ತಿ, ನಾಯಿಯನ್ನು ಮತ್ತೆ ನಿಲ್ಲಿಸಿ ಎಂಟೂ ಅಳತೆ ಹೊಸದಾಗಿ ತೆಗೆದುಕೊಳ್ಳಿ.